ಜೋಳದ ಚೀಲದೊಳಗಿನ ಬಂದೂಕು

ನನ್ನ ದೊಡ್ಡಪ್ಪನ ಬಂದೂಕು ಎರಡು ಮಳೆಗಾಲ ಜೋಳದ ಚೀಲದೊಳಗಿತ್ತು. ದೊಡ್ಡವ್ವ ಅದನ್ನು ಹಳೇ ಧೋತರದಲ್ಲಿ ಸುತ್ತಿ ಚೀಲದ ನಡುವಿಗೆ ಇಳಿಸಿ, ಮೇಲೆ ಜೋಳ ಸುರಿದು ಬಾಯಿ ಹೊಲಿದಿದ್ದಳು. ಈಗ ಅದು ಅಲ್ಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನೂರು ತಿಂಥಣಿ. ದೊಡ್ಡಪ್ಪನದು ಕೃಷ್ಣೆಯ ದಂಡೆಯದೇ ಇನ್ನೊಂದು ಊರು, ಹೆಸರು ಬೇಡ. ಬಂದೂಕಿಗೆ ಪರವಾನಗಿ ಇತ್ತು, ಬೆಳೆ ರಕ್ಷಣೆಗೆಂದು. ಹಂದಿ ಹೊಡೆದದ್ದಕ್ಕಿಂತ ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡದ್ದೇ ಅದರ ಹೆಚ್ಚಿನ ಕೆಲಸ. 2022ರ ಮಳೆಗಾಲದಲ್ಲಿ ದೊಡ್ಡಪ್ಪನಿಗೆ ನಿದ್ದೆ ಹೋಯಿತು. ಮೊದಲು ಪಂಪ್‌ಸೆಟ್ಟಿನೊಳಗಿಂದ ಯಾರೋ ಮಾತಾಡುತ್ತಾರೆ ಎಂದ. ಆಮೇಲೆ ತನ್ನ ತಮ್ಮ, ಅಂದರೆ ನನ್ನ ಅಪ್ಪ, ತನಗೆ ವಿಷ ಹಾಕುತ್ತಾನೆ ಎಂದ. ಒಂದು ರಾತ್ರಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ತನಕ ಕಟ್ಟೆಯ ಮೇಲೆ ಕೂತಿದ್ದ. ಮರುದಿನ ಅವನು ಹೊಲಕ್ಕೆ ಹೋದಾಗ ದೊಡ್ಡವ್ವ ದಬ್ಬಣ ತೆಗೆದುಕೊಂಡಳು.

ಅವನನ್ನು ಧಾರವಾಡಕ್ಕೆ ಕರೆದೊಯ್ದೆವು, ಔಷಧ ಶುರುವಾಯಿತು. ಬಂದೂಕಿಗೆ ಮಾತ್ರ ಔಷಧ ಸಿಗಲಿಲ್ಲ. ಅಣ್ಣ ಠಾಣೆಗೆ ಹೋಗಿ ಇಟ್ಟುಕೊಳ್ಳಿ ಎಂದ. ಮಾಲೀಕರೇ ಬಂದು ಬರೆದುಕೊಡಲಿ ಎಂದರು. ಮಾಲೀಕನ ತಲೆ ಸರಿಯಿಲ್ಲದ್ದಕ್ಕೇ ಬಂದಿದ್ದೇನೆ ಎಂದರೆ, "ಹಂಗಾರ ಹುಚ್ಚ ಅಂತ ಕೋರ್ಟಿನಿಂದ ಕಾಗದ ತರ್ರಿ" ಎಂದರು. ಇನ್ನೊಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು. ಅದು ಇನ್ನೂ ಅಲ್ಲೇ ಇರಬೇಕು.

ನನ್ನ ಸಂಶೋಧನೆಯ ವಿಷಯ 1857ರ ಲಾವಣಿಗಳು. ಹಲಗಲಿಯ ಬೇಡರ ಮೇಲೆ ಕುಂಪಣಿ ಸರ್ಕಾರ ಹೇರಿದ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಓದುತ್ತ ಓದುತ್ತ ನಾನು ಇವತ್ತಿನ ಆಯುಧ ಕಾಯ್ದೆಗೆ ಬಂದೆ. ಸಿಟ್ಟು ಬಂದದ್ದು ಅಲ್ಲಿ. ಕಾನೂನಿಲ್ಲ ಎಂದುಕೊಂಡಿದ್ದೆ. ಕಾನೂನು ಇದೆ, 1959ರಿಂದಲೂ ಇದೆ.

ಆಯುಧ ಕಾಯ್ದೆಯ 14ನೇ ಕಲಮು 'ಅಸ್ವಸ್ಥಚಿತ್ತ'ರಿಗೆ ಪರವಾನಗಿ ಕೊಡಬೇಡಿ ಎನ್ನುತ್ತದೆ. ಕೊಟ್ಟ ಮೇಲೆ ಹಾಗಾದರೆ ಅಮಾನತಿನಲ್ಲಿಡಿ ಅಥವಾ ರದ್ದು ಮಾಡಿ ಎನ್ನುತ್ತದೆ 17ನೇ ಕಲಮು. ಅಷ್ಟಕ್ಕೇ ನಿಲ್ಲದೆ, ಬೇರಾವುದೇ ಕಾರಣಕ್ಕೆ ಆತ ಪರವಾನಗಿಗೆ ತಕ್ಕವನಲ್ಲ ಎನಿಸಿದರೂ ಸಾಕು ಎಂದೂ ಸೇರಿಸುತ್ತದೆ. ಎಂದಮೇಲೆ ಕೋರ್ಟಿನ ಕಾಗದ ಯಾಕೆ ಬೇಕು? 22ನೇ ಕಲಮು ಇದಕ್ಕಿಂತ ದೊಡ್ಡದು. ಒಬ್ಬನ ಬಳಿ ಆಯುಧವಿದ್ದರೆ ಸಾರ್ವಜನಿಕ ಶಾಂತಿಗೋ ಸುರಕ್ಷತೆಗೋ ಅಪಾಯವಿದೆ ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಂಬಲು ಕಾರಣವಿದ್ದರೆ, ಕಾರಣ ಬರೆದಿಟ್ಟು ಮನೆ ಶೋಧಿಸಿ ಅದನ್ನು ವಶಕ್ಕೆ ಪಡೆಯಬಹುದು, ಬೇಕಾದಷ್ಟು ಕಾಲ ಸುರಕ್ಷಿತವಾಗಿ ಇಟ್ಟುಕೊಳ್ಳಬಹುದು. ಅವನಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿದ್ದರೂ ಸರಿ. ಅಮೆರಿಕದಲ್ಲಿ ಇಂಥ ಅಧಿಕಾರದ ಕಾಯ್ದೆ ಮೊದಲು ಬಂದದ್ದು ಕನೆಕ್ಟಿಕಟ್ ರಾಜ್ಯದಲ್ಲಿ, 1999ರಲ್ಲಿ. ನಮ್ಮದು ಅದಕ್ಕಿಂತ 40 ವರ್ಷ ಹಳೆಯದು. ನಮ್ಮ ಅಧಿಕಾರಿಗಳು 'ಸಾರ್ವಜನಿಕ' ಎಂಬ ಪದವನ್ನು ಹೇಗೆ ಓದುತ್ತಾರೆ ಎಂಬುದೇ ಇಲ್ಲಿ ಪ್ರಶ್ನೆ. ಗಲಭೆ ಸಾರ್ವಜನಿಕ, ಚುನಾವಣೆ ಸಾರ್ವಜನಿಕ. ದೊಡ್ಡವ್ವನ ಅಡುಗೆಮನೆ ಸಾರ್ವಜನಿಕವಲ್ಲ.

ಚುನಾವಣೆ ಎಂದೆನಲ್ಲ. 2024ರ ಮಾರ್ಚಿನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಎರಡು ವರ್ಷ ಯಾರೂ ಮುಟ್ಟದ ಬಂದೂಕನ್ನು ಠಾಣೆಯವರೇ ಫೋನು ಮಾಡಿ ಕೇಳಿದರು. ದೊಡ್ಡವ್ವ ಹೊಲಿಗೆ ಬಿಚ್ಚಿದಳು. ದೊಡ್ಡಪ್ಪ ಅಂಗಿ ಬದಲಿಸಿ, ಬಂದೂಕು ಹೆಗಲಿಗೇರಿಸಿ, ತಾನೇ ಹೋಗಿ ಸಹಿ ಹಾಕಿ ಕೊಟ್ಟು ಬಂದ. ಒಂದು ಮಾತು ತಕರಾರಿಲ್ಲ. ಆ ಎರಡೂವರೆ ತಿಂಗಳು ದೊಡ್ಡವ್ವ ಕದ ಮುಂದೆ ಮಾಡಿ ಮಲಗಿದಳು. ಜೂನ್ 4ಕ್ಕೆ ಫಲಿತಾಂಶ ಬಂತು. ಅದೇ ತಿಂಗಳು ಮತ್ತೆ ಫೋನು ಬಂತು: ನಿಮ್ಮ ಬಂದೂಕು ಒಯ್ಯಿರಿ.

ಮತಪೆಟ್ಟಿಗೆಯ ಸಲುವಾಗಿ ಜಿಲ್ಲೆಯ ಬಂದೂಕುಗಳ ಪಟ್ಟಿ ತೆಗೆದು, ಸಮಿತಿ ಕೂರಿಸಿ, ರಸೀದಿ ಕೊಟ್ಟು ಠಾಣೆಗೆ ತರಿಸಿಕೊಳ್ಳಬಲ್ಲ ಸರ್ಕಾರಕ್ಕೆ ಒಂದು ಮನೆಯ ಒಂದು ಬಂದೂಕನ್ನು ತರಿಸಿಕೊಳ್ಳಲು ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ಬೆಳೆ ರಕ್ಷಣೆಗೆ ಬಂದೂಕಿಟ್ಟ ಮಲೆನಾಡಿನ ರೈತರು ಈ ಠೇವಣಿಗೆ ಪ್ರತಿ ಸಲ ತಕರಾರು ಎತ್ತುತ್ತಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಸರ್ಕಾರಕ್ಕೆ ಕೈ ಇದೆ ಎಂಬುದನ್ನಂತೂ ಅದು ತೋರಿಸಿಕೊಟ್ಟಿದೆ.

ಇನ್ನೊಂದು ವಿಚಿತ್ರ ಕೇಳಿ. ಪರವಾನಗಿದಾರನ ಎದುರಿನಲ್ಲೋ ಅವನ ಲಿಖಿತ ಒಪ್ಪಿಗೆಯಿಂದಲೋ ಮಾತ್ರ ಬೇರೆಯವರು ಅವನ ಬಂದೂಕು ಒಯ್ಯಬಹುದು, ಅದೂ ದುರಸ್ತಿಗೆ, ನವೀಕರಣಕ್ಕೆ ಅಥವಾ ಅವನ ಬಳಕೆಗೆ ಎನ್ನುತ್ತದೆ 3ನೇ ಕಲಮು. ಅಕ್ಷರಕ್ಕೆ ಅಂಟಿಕೊಂಡರೆ, ಗಂಡ ಮಲಗಿದಾಗ ಬಂದೂಕನ್ನು ಠಾಣೆಗೆ ಹೊತ್ತು ನಡೆದ ಹೆಂಗಸು ದಾರಿಯುದ್ದಕ್ಕೂ ಅಪರಾಧಿ. ಜೋಳದ ಚೀಲವೂ ಕಾನೂನುಬದ್ಧವಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ದೊಡ್ಡವ್ವನಿಗೆ ಹೇಳಲಿಲ್ಲ.

2016ರ ಆಯುಧ ನಿಯಮಗಳು ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರ ಕೇಳುತ್ತವೆ: ಮಾನಸಿಕ ಆರೋಗ್ಯ ಸರಿಯಿದೆ, ಮಾದಕ ವ್ಯಸನವಿಲ್ಲ ಎಂದು. ಒಳ್ಳೆಯದೇ. ಆದರೆ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಅರ್ಜಿ ಹಾಕಿದ ದಿನ ಮನಸ್ಸು ಸರಿಯಿದ್ದರೆ ಆಯಿತು, ಮುಂದಿನ 5 ವರ್ಷ ಅದಕ್ಕೆ ರಜೆ. ಠಾಣೆಯ ವರದಿ ನಿಗದಿತ ಸಮಯಕ್ಕೆ ಬರದಿದ್ದರೆ ಅದಿಲ್ಲದೆಯೂ ಪರವಾನಗಿ ಅಧಿಕಾರಿ ತೀರ್ಮಾನ ಮಾಡಬಹುದು ಎಂಬ ಸಾಲೂ ಕಾಯ್ದೆಯಲ್ಲಿದೆ.

ಈಗ ನನ್ನ ಗೆಳೆಯರ ಕಡೆಗೆ ತಿರುಗುತ್ತೇನೆ. ವಿಶ್ವವಿದ್ಯಾಲಯದಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ತಿದ್ದುತ್ತಾರೆ: ನೀನು ಮನೋರೋಗಿಗಳಿಗೆ ಕಳಂಕ ಹಚ್ಚುತ್ತಿದ್ದೀಯ. ಅವರ ಭಯ ಸುಳ್ಳಲ್ಲ. ಮನೋರೋಗವಿದ್ದವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. 2023ರ ಜುಲೈ 31ರಂದು ಜೈಪುರ–ಮುಂಬೈ ರೈಲಿನಲ್ಲಿ ರೈಲ್ವೆ ರಕ್ಷಣಾ ದಳದ ಕಾನ್ಸ್‌ಟೆಬಲ್ ತನ್ನ ಮೇಲಧಿಕಾರಿಯನ್ನೂ ಮೂವರು ಮುಸ್ಲಿಂ ಪ್ರಯಾಣಿಕರನ್ನೂ ಕೊಂದಾಗ 'ಮಾನಸಿಕ ಸಮಸ್ಯೆ' ಎಂಬ ಮಾತು ಎಷ್ಟು ಬೇಗ ಎದ್ದು ಬಂತು ನೆನಪಿಸಿಕೊಳ್ಳಿ. ಆ ಕುರಿತ ಹೇಳಿಕೆಯನ್ನು ರೈಲ್ವೆ ಹೊರಡಿಸಿ ಹಿಂತೆಗೆದುಕೊಂಡಿತು. ದ್ವೇಷಕ್ಕೆ ರೋಗದ ಹೊದಿಕೆ ಹೊದಿಸುವುದು ಸುಲಭ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಆ ಕಳಂಕದ ವಿರುದ್ಧವೇ ಬಂದದ್ದು. ಒಬ್ಬನಿಗೆ ಮನೋರೋಗವಿದೆ ಎಂದ ಮಾತ್ರಕ್ಕೆ ಅವನು ಅಸ್ವಸ್ಥಚಿತ್ತನಲ್ಲ, ಕೋರ್ಟು ಹಾಗೆ ಘೋಷಿಸದ ಹೊರತು, ಎನ್ನುತ್ತದೆ ಅದರ 3ನೇ ಕಲಮು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಠಾಣೆಯ ಮೇಜಿನ ಮೇಲೆ ಅದು ಏನಾಯಿತು ನೋಡಿ! ರೋಗಿಯ ಮರ್ಯಾದೆ ಕಾಯಲು ಬರೆದ ಸಾಲು ಗುಮಾಸ್ತರ ಕೈಗೆ ಸಿಕ್ಕು 'ಕೋರ್ಟಿನ ಕಾಗದ ತರ್ರಿ' ಆಯಿತು. ಅದೇ ಕಾಯ್ದೆಯ 23ನೇ ಕಲಮು, ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟು ಮಾಹಿತಿಯನ್ನು ವೈದ್ಯರು ತಿಳಿಸಬಹುದು ಎನ್ನುವುದನ್ನೂ, 100ನೇ ಕಲಮು ತನಗೋ ಇತರರಿಗೋ ಅಪಾಯವಾಗಬಲ್ಲ ರೋಗಿಯನ್ನು ಪೊಲೀಸರೇ ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು ಎನ್ನುವುದನ್ನೂ ಯಾರೂ ಓದುವುದಿಲ್ಲ. ಧಾರವಾಡದ ವೈದ್ಯರು ದೊಡ್ಡಪ್ಪನಿಗೆ ನೂರು ಪ್ರಶ್ನೆ ಕೇಳಿದರು. ಮನೆಯಲ್ಲಿ ಬಂದೂಕಿದೆಯೇ ಎಂಬುದು ಅದರಲ್ಲಿರಲಿಲ್ಲ. ನಾವೂ ಹೇಳಲಿಲ್ಲ, ನಾಚಿಕೆ. ಹೇಳಿದ್ದರೂ ಅವರು ಯಾರಿಗೆ ಫೋನು ಮಾಡಬೇಕಿತ್ತು?

ಗೊತ್ತಿದ್ದೂ ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೇಯ್ನ್ ರಾಜ್ಯದ ಲೂಯಿಸ್ಟನ್ ಇದೆ. 2023ರ ಅಕ್ಟೋಬರ್ 25ರಂದು ಅಲ್ಲಿ ಸೇನೆಯ ಮೀಸಲು ಪಡೆಯವನೊಬ್ಬ 18 ಜನರನ್ನು ಕೊಂದ. ಅವನ ಭ್ರಮೆಗಳ ಬಗ್ಗೆ ಮನೆಯವರು ತಿಂಗಳುಗಳ ಮೊದಲೇ ಎಚ್ಚರಿಸಿದ್ದರು, ಅವನು ಆಸ್ಪತ್ರೆಯಲ್ಲೂ ಇದ್ದು ಬಂದಿದ್ದ. ಆಯುಧ ವಶಕ್ಕೆ ಪಡೆಯುವ ಕಾಯ್ದೆ ಆ ರಾಜ್ಯದಲ್ಲಿತ್ತು. ಅದನ್ನು ಬಳಸಲು ಸ್ಥಳೀಯ ಪೊಲೀಸರಿಗೆ ಸಾಕಷ್ಟು ಕಾರಣವಿತ್ತು ಎಂದು ಸ್ವತಂತ್ರ ಆಯೋಗ ಆಮೇಲೆ ಹೇಳಿತು. ಆಮೇಲೆ.

ನಮ್ಮ ಕಡೆ ಹೆಚ್ಚಿನ ಅಪಾಯ ಬೀದಿಯಲ್ಲಲ್ಲ, ಮನೆಯೊಳಗೆ. ಎಷ್ಟೋ ಸಲ ಬಂದೂಕಿನ ಒಡೆಯನಿಗೇ. ಸುರಪುರದ ಕಥೆಯೇ ಇದೆ. 1858ರಲ್ಲಿ ಸೆರೆಯಾದ ರಾಜಾ ವೆಂಕಟಪ್ಪ ನಾಯಕನನ್ನು ಕಾವಲಿನಲ್ಲಿ ಕರೆದೊಯ್ಯುವಾಗ, ಅಧಿಕಾರಿ ಬಿಚ್ಚಿಟ್ಟಿದ್ದ ಪಟ್ಟಿಯಲ್ಲಿನ ರಿವಾಲ್ವರಿನಿಂದ ಆತ ತಾನೇ ಗುಂಡು ಹಾರಿಸಿಕೊಂಡ ಎಂದು ಮೆಡೋಸ್ ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಮಾತನ್ನು ನಂಬದವರು ನಮ್ಮಲ್ಲಿದ್ದಾರೆ, ಸಂಶೋಧಕನಾಗಿ ನನಗೂ ಅನುಮಾನಗಳಿವೆ. ಟೇಲರನ ಮಾತೇ ನಿಜವಾದರೂ, ಎದೆಯೊಡೆದ ಇಪ್ಪತ್ತರ ಪ್ರಾಯದ ಹುಡುಗನ ಕೈಗೆಟುಕುವಂತೆ ತುಂಬಿದ ರಿವಾಲ್ವರ್ ಬಿಟ್ಟು ಹೋದ ಅಧಿಕಾರಿಯನ್ನು ಯಾರೂ ಪ್ರಶ್ನಿಸಿದಂತೆ ಕಾಣುವುದಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೂ ಜೀವ ಉಳಿಸುತ್ತದೆ, ತೆಗೆಯುತ್ತದೆ.

ಹಾಗಾಗಿ ನಾನು ಹುಚ್ಚರ ಪಟ್ಟಿ ಕೇಳುತ್ತಿಲ್ಲ. ಮನೆಯವರ ಮಾತಿನ ಮೇಲೆ, ಯಾರ ಹಣೆಗೂ ಚೀಟಿ ಅಂಟಿಸದೆ, ಚುನಾವಣೆಗೆ ಕೊಡುವಂಥದೇ ರಸೀದಿ ಕೊಟ್ಟು, ಆರು ತಿಂಗಳು ಬಂದೂಕು ಇಟ್ಟುಕೊಳ್ಳಿ. ವೈದ್ಯರು ಸರಿ ಎಂದರೆ ವಾಪಸು ಕೊಡಿ. 22ನೇ ಕಲಮಿನ ಕೆಳಗೆ ಒಂದು ಸುತ್ತೋಲೆ ಸಾಕು.

ಔಷಧ ಹಿಡಿದಿದೆ, ದೊಡ್ಡಪ್ಪ ಈಗ ಬಹಳ ಮಟ್ಟಿಗೆ ಮೊದಲಿನ ದೊಡ್ಡಪ್ಪ. ಕಳೆದ ಜಾತ್ರೆಗೆ ತಿಂಥಣಿಗೆ ಬಂದಿದ್ದ. ಮೌನಪ್ಪಯ್ಯನ ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಧೈರ್ಯ ಮಾಡಿ ಕೇಳಿದೆ, ಬಂದೂಕು ಬೇಕೇ ಎಂದು. ನೀರು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದ.

"ಬ್ಯಾಡ. ಎಲೆಕ್ಷನ್ಯಾಗ ನಾನ ಒಯ್ದು ಕೊಟ್ಟೆ, ಏನೂ ಅನಸ್ಲಿಲ್ಲ. ಎಲ್ಲಾರೂ ಕೊಟ್ಟಿದ್ರು. ಜ್ವಾಳದ ಚೀಲದಾಗ ಇಟ್ಟದ್ದು ನನಗ ಮೊದಲ ಗೊತ್ತಿತ್ತು, ಅದು ಅನಿಸ್ತು ನೋಡು."

ಪರವಾನಗಿ ನವೀಕರಣದ ಅರ್ಜಿ ನನ್ನ ಮೇಜಿನ ಮೇಲಿದೆ. ನವೀಕರಣ ಬೇಡ, ಬಂದೂಕು ಇಟ್ಟುಕೊಳ್ಳಿ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಬಿಳಿ ಹಾಳೆಯ ಮೇಲೆ ಬರೆದಿದ್ದೇನೆ. ಸೋಮವಾರ ದೊಡ್ಡಪ್ಪನೇ ಸಹಿ ಹಾಕಿ ಕೊಡಲು ಬರುತ್ತಾನೆ, ಅಂಗಿ ಬದಲಿಸಿಕೊಂಡು.