ಶಸ್ತ್ರವಿಲ್ಲದಿದ್ದರೆ ಅಪಾಯವೂ ಇಲ್ಲವೇ?

ಕಿರುತೆರೆ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ಮೃತಪಟ್ಟಾಗ ಅವರಿಗೆ ಕೇವಲ 21 ವರ್ಷ. ಆ ಸಾವು ರಾಜ್ಯದ ಅನೇಕ ಮನೆಗಳಲ್ಲಿ ಭಯ ಮೂಡಿಸಿತು. ಆ ಭಯಕ್ಕೆ ಉತ್ತರವೆಂಬಂತೆ ಇಂದು ಮತ್ತೊಂದು ಬಗೆಯ ಜಾಹೀರಾತು ಎಲ್ಲೆಡೆ ಕಾಣಿಸುತ್ತಿದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಅರಿವಳಿಕೆಯಿಲ್ಲ. ಒಂದು ತಾಸು ಯಂತ್ರದ ಕೆಳಗೆ ಮಲಗಿದರೆ ಬೊಜ್ಜು ಕರಗಿ, ಸ್ನಾಯು ಬಿಗಿಯಾಗಿ, ಮೈಕಟ್ಟು ಮರಳುತ್ತದೆ ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಬೇರೂರಿದ ಈ ವ್ಯಾಪಾರ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಿಗೂ ಹಬ್ಬಿದೆ. ಮದುವೆಯ ಜವಳಿಯಿಂದ ಹಿಡಿದು ಎಂಆರ್‌ಐ ತಪಾಸಣೆಯವರೆಗೆ ಎಲ್ಲಕ್ಕೂ ಆ ಊರುಗಳ ಬಸ್ಸನ್ನೇ ಹತ್ತಬೇಕಾದ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಜನರೂ ಇದರ ಗಿರಾಕಿಗಳಾಗುವುದು ಸಹಜ. ಆದ್ದರಿಂದ ಈ ಯಂತ್ರಗಳು ನಿಜಕ್ಕೂ ಏನು ಮಾಡುತ್ತವೆ, ಏನನ್ನು ಮಾಡಲಾರವು ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ಹೆಚ್ಚು ಪ್ರಚಾರದಲ್ಲಿರುವುದು ಶೈತ್ಯ ವಿಧಾನ, ಅಂದರೆ ಕ್ರಯೋಲಿಪೋಲಿಸಿಸ್. ಐಸ್‌ಕ್ಯಾಂಡಿ ಚೀಪುವ ಮಕ್ಕಳ ಕೆನ್ನೆಯ ಕೊಬ್ಬು ಗಟ್ಟಿಯಾಗಿ ಬಾತುಕೊಳ್ಳುವುದನ್ನು ಅಮೆರಿಕದ ವೈದ್ಯರು 1970ರಲ್ಲಿಯೇ ದಾಖಲಿಸಿದ್ದರು. ಚರ್ಮಕ್ಕಿಂತ ಕೊಬ್ಬಿನ ಕೋಶ ಚಳಿಗೆ ಬೇಗ ಸೋಲುತ್ತದೆ ಎಂಬ ಈ ತತ್ವವನ್ನು ಹಾರ್ವರ್ಡ್‌ನ ಡೀಟರ್ ಮ್ಯಾನ್‌ಸ್ಟೀನ್ ಮತ್ತು ರಾಕ್ಸ್ ಆಂಡರ್ಸನ್ ಚಿಕಿತ್ಸೆಯಾಗಿ ರೂಪಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ ಸೊಂಟದ ಇಕ್ಕೆಲದ ಮಡಿಕೆಗೆ, 2012ರಲ್ಲಿ ಹೊಟ್ಟೆಗೆ ಇದರ ಬಳಕೆಯನ್ನು ಒಪ್ಪಿತು. ಚಳಿಯಿಂದ ಘಾಸಿಗೊಂಡ ಕೋಶಗಳು ಎರಡು-ಮೂರು ತಿಂಗಳಲ್ಲಿ ಸತ್ತು ದೇಹದಿಂದ ತೆರವುಗೊಳ್ಳುತ್ತವೆ. ಚಿಕಿತ್ಸೆ ಪಡೆದ ಜಾಗದಲ್ಲಿ ಕೊಬ್ಬಿನ ಪದರದ ದಪ್ಪ ಸಾಮಾನ್ಯವಾಗಿ ಶೇ 20ರಿಂದ 25ರಷ್ಟು ಇಳಿಯುತ್ತದೆ. ಇದು ಸುಳ್ಳಲ್ಲ. ಆದರೆ ಇಳಿಯುವುದು ಆ ಜಾಗದ ಪದರ ಮಾತ್ರ. ತೂಕದ ಯಂತ್ರದ ಮುಳ್ಳು ಗಮನಾರ್ಹವಾಗಿ ಅಲುಗುವುದಿಲ್ಲ.

ಈ ವಿಧಾನಕ್ಕೆ ವಿಚಿತ್ರವಾದ ಒಂದು ಅಡ್ಡಪರಿಣಾಮವಿದೆ. ಕರಗಬೇಕಾದ ಕೊಬ್ಬು ಕೆಲವರಲ್ಲಿ ತಿಂಗಳುಗಳ ಬಳಿಕ ಇನ್ನಷ್ಟು ಬೆಳೆದು ಗಡ್ಡೆಯಂತೆ ಗಟ್ಟಿಯಾಗುತ್ತದೆ. ತಾನಾಗಿ ಅದು ಇಳಿಯುವುದಿಲ್ಲ. ಸರಿಪಡಿಸಲು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಶಸ್ತ್ರವನ್ನು ತಪ್ಪಿಸಲು ಹೋದವರು ಶಸ್ತ್ರಕ್ಕೇ ಶರಣಾಗಬೇಕಾದ ವಿಪರ್ಯಾಸವಿದು. ಕೆನಡಾದ ಪ್ರಸಿದ್ಧ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಾನು ವರ್ಷಗಳ ಕಾಲ ಮನೆಯೊಳಗೇ ಅಡಗಿ ಕುಳಿತದ್ದಕ್ಕೆ ಇದೇ ಕಾರಣವೆಂದು 2021ರಲ್ಲಿ ಬಹಿರಂಗಪಡಿಸಿದರು. ಅವರು ಹೂಡಿದ ದಾವೆ 2022ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ತಯಾರಕರು ಇದನ್ನು ಸಾವಿರಾರು ಬಾರಿಗೆ ಒಮ್ಮೆ ಸಂಭವಿಸುವಂಥದ್ದು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಎನ್ನುವ ವೈದ್ಯಕೀಯ ವರದಿಗಳೂ ಇವೆ.

ಉಷ್ಣವನ್ನು ಆಶ್ರಯಿಸಿದ ವಿಧಾನಗಳು ಹಲವು. ಲೇಸರ್ ಯಂತ್ರವು ಚರ್ಮವನ್ನು ತಂಪಾಗಿಟ್ಟು ಒಳಗಿನ ಕೊಬ್ಬನ್ನು 42ರಿಂದ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತದೆ. ರೇಡಿಯೊ ತರಂಗದ ಯಂತ್ರ ಕೊಬ್ಬಿಗಿಂತ ಸಡಿಲ ಚರ್ಮವನ್ನು ಬಿಗಿಗೊಳಿಸುವುದರಲ್ಲಿ ಹೆಚ್ಚು ಉಪಯುಕ್ತ. ಶ್ರವಣಾತೀತ ಧ್ವನಿಯ ಕಿರಣವನ್ನು ಒಂದೇ ಬಿಂದುವಿಗೆ ಹಾಯಿಸುವ ವಿಧಾನವೂ ಉಂಟು. ಇವುಗಳ ಫಲ ಶೈತ್ಯ ವಿಧಾನದಂತೆಯೇ ಸಾಧಾರಣ. ನಿರ್ವಹಿಸುವವರ ಕೈ ತಪ್ಪಿದರೆ ಸುಟ್ಟಗಾಯ ಖಂಡಿತ. ಇಮ್ಮಡಿ ಗಲ್ಲದ ಕೊಬ್ಬಿಗೆಂದು 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಿಆಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದನ್ನು ಹೊಟ್ಟೆಗೂ ತೊಡೆಗೂ ಚುಚ್ಚುವುದು ಆ ಒಪ್ಪಿಗೆಯ ಮಿತಿಯನ್ನು ಮೀರಿದ ಬಳಕೆ.

ಇವುಗಳಿಂದ ಸಂಪೂರ್ಣ ಬೇರೆಯಾದದ್ದು ಸ್ನಾಯುವನ್ನು ಗುರಿಯಾಗಿಸಿದ ಅಯಸ್ಕಾಂತ ಕ್ಷೇತ್ರದ ಯಂತ್ರ. 2018ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಈ ಸಾಧನವು ಅರ್ಧ ತಾಸಿನಲ್ಲಿ ಹೊಟ್ಟೆಯ ಅಥವಾ ನಿತಂಬದ ಸ್ನಾಯುವನ್ನು ಸುಮಾರು 20 ಸಾವಿರ ಬಾರಿ ಸಂಕುಚಿಸುತ್ತದೆ ಎಂಬುದು ತಯಾರಕರ ಹೇಳಿಕೆ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ನಾಲ್ಕು ಬಾರಿ ಮಾಡಿಸಿಕೊಳ್ಳಬೇಕು. ಸ್ನಾಯು ತುಸು ದಪ್ಪವಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ಅವುಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಚಿಕ್ಕದು, ಅವಲೋಕನದ ಅವಧಿಯೂ ಚಿಕ್ಕದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ದೇಹದಲ್ಲಿ ಲೋಹದ ತುಂಡು ಇರುವವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ನಮ್ಮಲ್ಲಿ ಬಹಳಷ್ಟು ಮಹಿಳೆಯರು ಅಳವಡಿಸಿಕೊಳ್ಳುವ ಕಾಪರ್-ಟಿ ಕೂಡ ಲೋಹವೇ ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

ಹಳಿಯಾಳದ ಹೆಸರು ಕೇಳಿದೊಡನೆ ನೆನಪಾಗುವುದು ಅಲ್ಲಿನ ಕುಸ್ತಿ. ಗರಡಿಯ ದಂಡ-ಬೈಠಕ್‌ಗಳಿಂದ ಬೆಳೆದ ಸ್ನಾಯುವಿಗೂ ಮಲಗಿದಲ್ಲಿಯೇ ಯಂತ್ರ ಕುಣಿಸಿದ ಸ್ನಾಯುವಿಗೂ ಇರುವ ವ್ಯತ್ಯಾಸವನ್ನು ಅಲ್ಲಿನ ಪೈಲ್ವಾನರಿಗೆ ಯಾರೂ ವಿವರಿಸಬೇಕಿಲ್ಲ. ತಾಲೀಮಿನಲ್ಲಿ ಸ್ನಾಯುವಿನೊಂದಿಗೆ ಹೃದಯ, ಶ್ವಾಸಕೋಶ, ಕೀಲುಗಳೂ ದುಡಿಯುತ್ತವೆ. ರಕ್ತದಲ್ಲಿನ ಸಕ್ಕರೆ ಖರ್ಚಾಗುತ್ತದೆ. ಹಾಗೆಂದು ಘಟ್ಟದ ಊರುಗಳ ಜನರಿಗೆ ಬೊಜ್ಜಿನ ಚಿಂತೆಯೇ ಇಲ್ಲವೆಂದು ಭಾವಿಸುವುದು ನಗರವಾಸಿಗಳ ಭ್ರಮೆ. ಜೊಯಿಡಾದ ಕುಣಬಿ ಸಮುದಾಯದ ಗೆಡ್ಡೆ-ಗೆಣಸುಗಳ ಮೇಳಕ್ಕೆ ಹೋಗಿ ಮೆಚ್ಚಿ ಬರುವವರು, ಅದೇ ತಾಲ್ಲೂಕಿನ ಅಂಗಡಿಗಳಲ್ಲಿ ತೂಗಾಡುವ ಕುರುಕಲು ತಿಂಡಿಯ ಪೊಟ್ಟಣಗಳನ್ನೂ ಗಮನಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ರಾಜ್ಯದ ವಯಸ್ಕ ಮಹಿಳೆಯರಲ್ಲಿಯೂ ಪುರುಷರಲ್ಲಿಯೂ ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. 2015-16ರಲ್ಲಿ ಈ ಪ್ರಮಾಣ ಶೇ 22-23ರ ಆಸುಪಾಸಿನಲ್ಲಿತ್ತು.

ಮುಖ್ಯವಾದ ಸಂಗತಿ ಇರುವುದು ಇಲ್ಲಿಯೇ. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಹೆಚ್ಚು ಕಾರಣವಾಗುವ ಕೊಬ್ಬು ಚರ್ಮದ ಕೆಳಗಿನದಲ್ಲ. ಯಕೃತ್ತು ಮತ್ತು ಕರುಳಿನ ಸುತ್ತ ಶೇಖರವಾಗುವಂಥದ್ದು. ತೆಳ್ಳಗೆ ಕಾಣುವ ಭಾರತೀಯರಲ್ಲಿಯೂ ಅದು ಹೆಚ್ಚಾಗಿರುವುದರಿಂದಲೇ ನಮ್ಮ ತಜ್ಞರು ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ. ಮೇಲೆ ಹೇಳಿದ ಯಾವ ಯಂತ್ರವೂ ಆ ಒಳಗಿನ ಕೊಬ್ಬನ್ನು ಕರಗಿಸಲೆಂದು ರೂಪುಗೊಂಡದ್ದಲ್ಲ. ಅಮೆರಿಕದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಸ್ಥೂಲಕಾಯದ ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 10 ಕಿಲೋ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಲಾಗಿತ್ತು. ಮೂರು ತಿಂಗಳ ಒಳಗಾಗಿ ಪರೀಕ್ಷಿಸಿದಾಗ ಇನ್ಸುಲಿನ್ನಿಗೆ ಅವರ ದೇಹದ ಸ್ಪಂದನೆಯಲ್ಲಿ ಸುಧಾರಣೆ ಕಂಡಿರಲಿಲ್ಲ. ಒಂದು ಮಡಿಕೆಯನ್ನು ತೆಳುಗೊಳಿಸುವ ಯಂತ್ರದಿಂದ ಆರೋಗ್ಯವನ್ನು ನಿರೀಕ್ಷಿಸುವುದು ಹೇಗೆ?

ಆದರೂ ಮಾರಾಟವಾಗುತ್ತಿರುವುದು ಆರೋಗ್ಯದ ಹೆಸರಿನಲ್ಲಿ, ತೂಕ ಇಳಿಕೆಯ ಹೆಸರಿನಲ್ಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಶೈತ್ಯ ಯಂತ್ರದ ಕುರಿತ ದಾರಿತಪ್ಪಿಸುವ ಜಾಹೀರಾತುಗಳಿಗಾಗಿ 2025ರಲ್ಲಿ ವಿಎಲ್‌ಸಿಸಿ ಸಂಸ್ಥೆಗೆ 3 ಲಕ್ಷ ರೂಪಾಯಿ ದಂಡ ವಿಧಿಸಿತು. ದೇಹ ತೂಕ ಸೂಚ್ಯಂಕ 30 ಅಥವಾ ಅದಕ್ಕಿಂತ ಕಡಿಮೆ ಇರುವವರಲ್ಲಿ ನಿರ್ದಿಷ್ಟ ಜಾಗದ ಕೊಬ್ಬಿನ ಉಬ್ಬನ್ನು ತಗ್ಗಿಸಲು ಮಾತ್ರ ಈ ಯಂತ್ರಕ್ಕೆ ಒಪ್ಪಿಗೆಯಿದೆ, ಇದು ತೂಕ ಇಳಿಸುವ ಚಿಕಿತ್ಸೆಯಲ್ಲ ಎಂದು ಪ್ರಾಧಿಕಾರ ಸ್ಪಷ್ಟಪಡಿಸಿತು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗಗಳಲ್ಲಿ ಭಾರತೀಯರ ಪ್ರಾತಿನಿಧ್ಯವೇ ಇರಲಿಲ್ಲ ಎಂಬುದನ್ನೂ ಅದು ಎತ್ತಿ ತೋರಿಸಿತು. ದಂಡದ ಮೊತ್ತ ಅಂಥ ಸಂಸ್ಥೆಗೆ ಜುಜುಬಿ. ಆದೇಶದ ತಿರುಳು ಮಾತ್ರ ಪ್ರತಿ ಜಿಲ್ಲೆಗೂ ತಲುಪಬೇಕಾದದ್ದು. ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧದ 1954ರ ಕಾಯ್ದೆಯ ಅನುಸೂಚಿಯಲ್ಲಿ ಸ್ಥೂಲಕಾಯವೂ ಸೇರಿದೆ. ‘ಬೊಜ್ಜು’ ಎಂಬ ಪದವನ್ನು ಬಿಟ್ಟು ‘ಸೌಷ್ಠವ’ ಎಂದು ಬರೆದ ಮಾತ್ರಕ್ಕೆ ಆ ಕಾಯ್ದೆಯಿಂದ ನುಣುಚಿಕೊಳ್ಳಲು ಬಿಡಬೇಕೇ ಎಂಬುದನ್ನು ಸರ್ಕಾರ ತೀರ್ಮಾನಿಸಬೇಕು.

ದೂರದ ಊರಿನವರಿಗೆ ಅಪಾಯ ಇನ್ನೂ ಹೆಚ್ಚು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ದನಿಯಲ್ಲಿ ಕೇಳಿದ್ದನ್ನು ರಾಜ್ಯ ಮರೆತಿರಲಾರದು. ಚಿಕಿತ್ಸೆ ಪಡೆದು ಮುಂಡಗೋಡಕ್ಕೋ ಜೊಯಿಡಾಕ್ಕೋ ಮರಳಿದವರಲ್ಲಿ ನಾಲ್ಕು ತಿಂಗಳ ಬಳಿಕ ಹೊಟ್ಟೆಯ ಮೇಲೆ ಗಟ್ಟಿ ಉಬ್ಬು ಕಾಣಿಸಿಕೊಂಡರೆ ಅವರು ಯಾರ ಬಳಿ ಹೋಗಬೇಕು? ಊರಿನ ವೈದ್ಯರಿಗೆ ಯಾವ ಯಂತ್ರ ಬಳಸಲಾಗಿತ್ತು ಎಂಬ ಮಾಹಿತಿಯೇ ಇರುವುದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿಯ ಅಧಿಕಾರ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕಿದೆ. ಇಂಥ ಯಂತ್ರವಿರುವ ಪ್ರತಿ ಸ್ಥಳವನ್ನೂ, ಅದು ಸೌಂದರ್ಯ ಮಳಿಗೆಯೆಂದು ಫಲಕ ಹಾಕಿಕೊಂಡಿದ್ದರೂ, ಆ ಪ್ರಾಧಿಕಾರದ ಪರಿಶೀಲನೆಗೆ ಒಳಪಡಿಸಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಯಂತ್ರದ ಹೆಸರು, ನಿರ್ವಹಿಸಿದವರ ಅರ್ಹತೆ, ಸಂಭವನೀಯ ಅಡ್ಡಪರಿಣಾಮ ಅದರಲ್ಲಿ ನಮೂದಾಗಬೇಕು.

ಅಲ್ಲಿಯವರೆಗೆ ಬಸ್ಸು ಹತ್ತುವವರೇ ಎಚ್ಚರ ವಹಿಸಬೇಕಾಗಿದೆ. ಹೆರಿಗೆ ಶಸ್ತ್ರಚಿಕಿತ್ಸೆಯ ಕಲೆ, ಹರ್ನಿಯಾ, ಕಾಪರ್-ಟಿ, ಚಳಿಗೆ ಮೈ ದದ್ದೇಳುವ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೇಳಿಸಿಕೊಳ್ಳಲು ವೈದ್ಯರೇ ಅಲ್ಲಿಲ್ಲದಿದ್ದರೆ ಹಿಂದಿರುಗಬೇಕು. ಫಲ ಕಾಣಲು ಮೂರು ತಿಂಗಳು ಬೇಕಾಗುವ ಚಿಕಿತ್ಸೆಗೆ ‘ಇಂದೇ ಹಣ ಕಟ್ಟಿದರೆ ರಿಯಾಯಿತಿ’ ಎನ್ನುವಲ್ಲಿ, ಆರು ತಿಂಗಳ ನಂತರದ ಉಚಿತ ತಪಾಸಣೆಯ ದಿನಾಂಕವನ್ನು ಅದೇ ರಸೀದಿಯ ಮೇಲೆ ಬರೆದುಕೊಡಿ ಎಂದು ಕೇಳಲಿ.