ಹಳೇ ಕಾರು ಮಾರುವ ಮುಂಚೆ ರಿಪೇರಿ ಮಾಡಿಸಿದರೆ ಹೆಚ್ಚು ದುಡ್ಡು ಸಿಗುತ್ತದೆಯೇ?

"ಕಾರು ಮಾರುವ ಮುಂಚೆ ಇಪ್ಪತ್ತು ಸಾವಿರ ಹಾಕಿ, ಐವತ್ತು ಸಾವಿರ ಹೆಚ್ಚು ಗಳಿಸಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್ಯಾಪ್ ಗುಂಪಿಗೂ ಬಂದಿರಬಹುದು. ಪೂರ್ತಿ ಪೇಂಟ್ ಹೊಡೆಸಿ, ಟೈರ್ ಬದಲಿಸಿ, ಎಂಜಿನ್ ತೊಳೆಸಿ, ಹೊಸ ಸೀಟ್ ಕವರ್ ಹಾಕಿಸಿ ಎಂಬ ಪಟ್ಟಿಯೂ ಜೊತೆಗಿರುತ್ತದೆ. ಇದಕ್ಕೆ ಉಲ್ಟಾ ಹೇಳುವವರೂ ಇದ್ದಾರೆ: "ಹೋಗೋ ಗಾಡಿಗೆ ಒಂದು ರೂಪಾಯಿನೂ ಹಾಕಬೇಡಿ, ಇದ್ದ ಹಾಗೇ ಕೊಟ್ಟುಬಿಡಿ." ಎರಡರಲ್ಲೂ ಅರ್ಧರ್ಧ ಸತ್ಯವಿದೆ. ಯಾವ ಅರ್ಧ ನಿಮ್ಮ ಕಾರಿಗೆ ಹೊಂದುತ್ತದೆ ಎಂಬುದು ಗೊತ್ತಾಗಬೇಕಾದರೆ ಮೊದಲು ಕೊಳ್ಳುವವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ನೋಡಬೇಕು.

ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರದಲ್ಲಿ ಒಂದು ವಿಚಿತ್ರವಿದೆ. ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಇದೇ ವಿಷಯದ ಮೇಲೆ ಒಂದು ಲೇಖನ ಬರೆದರು. ಅವರ ವಾದ ಸರಳ: ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಗಿರಾಕಿಗೆ ತಿಳಿಯದಿದ್ದಾಗ ಆತ ಎಲ್ಲದಕ್ಕೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪುವುದಿಲ್ಲ, ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಮಾಹಿತಿಯ ಈ ಏರುಪೇರಿನ ಕುರಿತ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಪ್ರಶ್ನೆಗೆ ಇದರಿಂದ ಸಿಗುವ ಉತ್ತರ ಇಷ್ಟು: ಕೊಳ್ಳುವವರು ರಿಪೇರಿಯ ಖರ್ಚನ್ನು ಮಾತ್ರ ಬೆಲೆಯಲ್ಲಿ ಕಳೆಯುವುದಿಲ್ಲ, ತಮ್ಮ ಅನುಮಾನವನ್ನೂ ಕಳೆಯುತ್ತಾರೆ. ಆದ್ದರಿಂದ ಯಾವ ರಿಪೇರಿ ಅನುಮಾನವನ್ನು ಇಳಿಸುತ್ತದೋ ಅದು ಲಾಭ. ಅನುಮಾನ ಹೆಚ್ಚಿಸುವ ರಿಪೇರಿಗೆ ಎಷ್ಟು ಸುರಿದರೂ ನಷ್ಟವೇ.

ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಎಂಜಿನ್ ದೀಪವನ್ನೇ ತೆಗೆದುಕೊಳ್ಳಿ. ಕಾರಣ ಒಂದು ಸಣ್ಣ ಸೆನ್ಸರ್ ಇರಬಹುದು, ಎರಡು ಮೂರು ಸಾವಿರದಲ್ಲಿ ಮುಗಿಯಬಹುದು. ಆದರೆ ನೋಡಲು ಬಂದವರಿಗೆ ಅದು ತಿಳಿಯುವುದು ಹೇಗೆ? ಅವರು ಮನಸ್ಸಿನಲ್ಲೇ ದೊಡ್ಡ ಖರ್ಚನ್ನು ಲೆಕ್ಕ ಹಾಕಿ ಮೂವತ್ತು ಸಾವಿರ ಕಡಿಮೆ ಕೇಳುತ್ತಾರೆ, ಇಲ್ಲವೇ "ಮನೆಯಲ್ಲಿ ಕೇಳಿ ಹೇಳ್ತೀವಿ" ಎಂದು ಹೋದವರು ಫೋನೇ ಮಾಡುವುದಿಲ್ಲ. ಸತ್ತ ಬ್ಯಾಟರಿ, ತಣ್ಣಗಾಗದ ಎಸಿ, ಒಂದು ಉರಿಯದ ಹೆಡ್‌ಲೈಟ್, ಇಳಿಯದ ಪವರ್ ವಿಂಡೋ ಎಲ್ಲವೂ ಇದೇ ಜಾತಿ. ಖರ್ಚು ಸಣ್ಣದು, ಹುಟ್ಟಿಸುವ ಭಯ ದೊಡ್ಡದು. ಇವನ್ನು ಮಾಡಿಸಿಯೇ ಮಾರುವುದು ಒಳ್ಳೆಯದು. ಎಸಿ ವಿಚಾರದಲ್ಲಿ ಮಾತ್ರ ಮೊದಲು ಮೆಕ್ಯಾನಿಕ್ ಹತ್ತಿರ ಕಾರಣ ಕೇಳಿಕೊಳ್ಳಿ. ಗ್ಯಾಸ್ ಇಳಿದಿದ್ದರೆ ಒಂದು ಲೆಕ್ಕ, ಕಂಪ್ರೆಸರ್ ಹೋಗಿದ್ದರೆ ಲೆಕ್ಕವೇ ಬೇರೆ.

ಬಂಪರ್ ಮೇಲಿನ ಡೆಂಟು, ಬಾಗಿಲ ಮೇಲಿನ ಗೀರು ಹಾಗಲ್ಲ. ಅದು ಇಬ್ಬರಿಗೂ ಕಾಣುತ್ತದೆ, ಖರ್ಚು ಸುಮಾರು ಎಷ್ಟೆಂದು ಇಬ್ಬರಿಗೂ ಗೊತ್ತು. ಚೌಕಾಸಿಯಲ್ಲಿ ಅಷ್ಟೇ ಇಳಿಯುತ್ತದೆ. ನೀವು ಮಾಡಿಸಿದರೂ ಅಷ್ಟೇ ಹೋಗುತ್ತದೆ, ಜೊತೆಗೆ ಗ್ಯಾರೇಜಿನಲ್ಲಿ ನಾಲ್ಕು ದಿನ.

ಪೂರ್ತಿ ಪೇಂಟ್ ಹೊಡೆಸುವ ಸಲಹೆಯಂತೂ ನಮ್ಮ ಪ್ರಕಾರ ಈ ಪಟ್ಟಿಯಲ್ಲೇ ಅತ್ಯಂತ ದುಬಾರಿ ತಪ್ಪು. ಹಳೇ ಕಾರು ಫಳಫಳ ಹೊಳೆಯುವುದನ್ನು ಕಂಡ ಕೂಡಲೇ ಅನುಭವಸ್ಥರು ಕೇಳುವ ಮೊದಲ ಪ್ರಶ್ನೆ: "ಎಲ್ಲಿ ಗುದ್ದಿತ್ತು?" ಇದನ್ನು ಕಂಡುಹಿಡಿಯಲು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣವೂ ಇದೆ. ಅದು ಬಣ್ಣದ ದಪ್ಪ ಅಳೆಯುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಮೇಲೆ ಮತ್ತೊಮ್ಮೆ ಹೊಡೆಸಿದ್ದರೆ ಸುಮಾರು ದುಪ್ಪಟ್ಟಾಗುತ್ತದೆ, ಕೆಳಗೆ ಪುಟ್ಟಿ ತುಂಬಿದ್ದರೆ ಇನ್ನೂ ಎಷ್ಟೋ ಹೆಚ್ಚು. ನೀವು ಬರೀ ಚೆಂದಕ್ಕೆ ಹೊಡೆಸಿದ್ದರೂ ಉಪಕರಣ ಅದನ್ನು ಹೇಳುವುದಿಲ್ಲ, "ಇಲ್ಲಿ ಏನೋ ಆಗಿದೆ" ಎಂದಷ್ಟೇ ಹೇಳುತ್ತದೆ. ಚೆನ್ನಾಗಿ ತೊಳೆಸಿ ಪಾಲಿಷ್ ಮಾಡಿಸಿ, ಒಳಗಿನ ಧೂಳು ವಾಸನೆ ತೆಗೆಸಿ, ಸಾಕು.

ಎಂಜಿನ್ನಿಗೆ ರಭಸದ ನೀರು ಹೊಡೆಸುವುದೂ ಬೇಡ. ಆಲ್ಟರ್ನೇಟರ್‌ಗೋ ವೈರಿಂಗ್ ಕನೆಕ್ಟರ್‌ಗೋ ನೀರು ಹೊಕ್ಕರೆ ಇಲ್ಲದ ತೊಂದರೆ ಶುರುವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹತ್ತು ವರ್ಷದ ಎಂಜಿನ್ ಮೇಲೆ ಒಂದು ಚೂರೂ ಧೂಳಿಲ್ಲದಿದ್ದರೆ ಎಣ್ಣೆ ಸೋರಿಕೆ ಮುಚ್ಚಿದ್ದಾರೆ ಎಂದೇ ಮೆಕ್ಯಾನಿಕ್ ಅಂದುಕೊಳ್ಳುತ್ತಾನೆ.

ಟೈರ್? ಸವೆತದ ಗುರುತು, ಅಂದರೆ 1.6 ಮಿಲಿಮೀಟರ್ ಮಟ್ಟ, ಮುಟ್ಟಿದ್ದರೆ ಬದಲಿಸಲೇಬೇಕು, ಅದು ಕಾನೂನು. ಇನ್ನೂ ಓಡುವಂತಿದ್ದರೆ ಹೊಸ ಸೆಟ್‌ಗೆ ಹಾಕಿದ ಹಣ ಪೂರ್ತಿ ವಾಪಸ್ ಬರುವುದು ಕಷ್ಟ.

ಸಂದೇಶಗಳಲ್ಲಿ ಪಿಸುಮಾತಿನಂತೆ ಬರುವ ಇನ್ನೆರಡು 'ಟ್ರಿಕ್' ಇವೆ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಎಂಜಿನ್ ದೀಪ ಆರುತ್ತದೆ, ದಪ್ಪ ಆಯಿಲ್ ಹಾಕಿದರೆ ಎಂಜಿನ್ ಸದ್ದು ಅಡಗುತ್ತದೆ ಎಂದು. ದೀಪ ಆರುವುದು ನಿಜ. ಆದರೆ ದೋಷದ ಕೋಡ್ ಅಳಿಸಿದಾಗ ಕಾರಿನ ಕಂಪ್ಯೂಟರ್ ಮಾಡಿಟ್ಟುಕೊಂಡ ಸ್ವಯಂ ಪರೀಕ್ಷೆಗಳ ದಾಖಲೆಯೂ ಅಳಿಯುತ್ತದೆ. ಅದು ಮತ್ತೆ ಪೂರ್ತಿಯಾಗಲು ಬಗೆಬಗೆಯ ವೇಗದಲ್ಲಿ ಒಂದಷ್ಟು ಓಡಿಸಬೇಕು. ಈಗ ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಯಾರ ಬಳಿ ಬೇಕಾದರೂ ಇರುತ್ತದೆ. "ಪರೀಕ್ಷೆ ಅಪೂರ್ಣ" ಎಂದು ಅದು ತೋರಿಸಿದರೆ ಮೊನ್ನೆ ಮೊನ್ನೆ ಅಳಿಸಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಇನ್ನು ಕಾನೂನು. ದೋಷದ ಬಗ್ಗೆ ಸುಮ್ಮನಿರುವುದೆಲ್ಲ ವಂಚನೆಯಲ್ಲ, ನೋಡಿಕೊಂಡು ಕೊಳ್ಳುವ ಹೊಣೆ ಗಿರಾಕಿಯದ್ದೂ ಹೌದು. ಆದರೆ ಗೊತ್ತಿದ್ದೂ ಬೇಕಂತಲೇ ದೋಷ ಮುಚ್ಚಿಡುವುದು 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ ವಂಚನೆ. ಅಂತಹ ವ್ಯವಹಾರವನ್ನು ರದ್ದು ಮಾಡಿಸುವ ಹಕ್ಕು ಕೊಂಡವರಿಗಿದೆ.

ಹಾಗಾದರೆ ದೊಡ್ಡ ರಿಪೇರಿ?

ಕ್ಲಚ್ ಜಾರುತ್ತಿದೆ, ಸಸ್ಪೆನ್ಷನ್ ಗಡಗಡ ಎನ್ನುತ್ತಿದೆ ಎಂದುಕೊಳ್ಳೋಣ. ಹೆಚ್ಚಿನವರಿಗೆ ಹೊಳೆಯದ ಒಂದು ದಾರಿ ಇಲ್ಲಿದೆ. ಒಳ್ಳೆಯ ವರ್ಕ್‌ಶಾಪಿನಲ್ಲಿ ತೋರಿಸಿ, ಲಿಖಿತ ಎಸ್ಟಿಮೇಟ್ ಮಾತ್ರ ತೆಗೆದುಕೊಳ್ಳಿ. ಉದಾಹರಣೆಗೆ ಅದರಲ್ಲಿ 12 ಸಾವಿರ ಎಂದಿದೆ. ಕಾಗದ ಇಲ್ಲದಿದ್ದರೆ ಗಿರಾಕಿ ತನ್ನ ಭಯದ ಲೆಕ್ಕದಲ್ಲಿ 25 ಸಾವಿರ ಕಳೆಯುತ್ತಿದ್ದ. ಕಾಗದ ಮುಂದಿಟ್ಟರೆ ಮಾತುಕತೆ 12 ಸಾವಿರದ ಸುತ್ತಲೇ ನಡೆಯುತ್ತದೆ. ನಿಮ್ಮ ಕೈಯಿಂದ ಹಣ ಹೋಗಿಲ್ಲ, ಆದರೂ ಅನುಮಾನ ಇಳಿದಿದೆ. ಇಷ್ಟು ವರ್ಷದ ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟರೆ ಅದು ಮಾಡುವ ಕೆಲಸವೂ ಇದೇ. ಆದರೆ ಗಾಡಿ ಓಡಿಸಿ ತೋರಿಸಲೇ ಆಗದಂತಿದ್ದರೆ ನೇರ ಗಿರಾಕಿಗಳು ಬರುವುದೇ ಇಲ್ಲ. ಆಗ ಒಂದೋ ಮಾಡಿಸಬೇಕು, ಇಲ್ಲವೇ ಡೀಲರ್ ಹತ್ತಿರ ಹೋಗಬೇಕು.

ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ದೀಪದ ವಿಚಾರದಲ್ಲಿ ಲಾಭ ನಷ್ಟದ ಲೆಕ್ಕವನ್ನು ನಾವು ಹೇಳುವುದಿಲ್ಲ. ಮಾಡಿಸಿ, ಇಲ್ಲವೇ ಕೀ ಕೊಡುವ ಮೊದಲೇ ಬಾಯಿಬಿಟ್ಟು ಹೇಳಿ. ಟೆಸ್ಟ್ ಡ್ರೈವ್‌ಗೆ ಬಂದವರು ಹಿಂದಿನ ಸೀಟಿನಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಬರುತ್ತಾರೆ.

ಡೀಲರ್‌ಗೆ ಕೊಡುವುದಾದರೆ "ಒಂದು ರೂಪಾಯಿನೂ ಹಾಕಬೇಡಿ" ಎಂಬ ಸಲಹೆ ಹೆಚ್ಚುಕಡಿಮೆ ಸರಿ. ಅವರಿಗೆ ಕಾಯಂ ಟಿಂಕರಿಂಗ್‌ನವರು, ಪೇಂಟರು ಇರುತ್ತಾರೆ, ಬಿಡಿಭಾಗಗಳು ಸಗಟು ಬೆಲೆಗೆ ಸಿಗುತ್ತವೆ. ನಿಮಗಿಂತ ಕಡಿಮೆಗೆ ಅವರು ಮಾಡಿಸಬಲ್ಲ ಕೆಲಸಕ್ಕೆ ನೀವು ಪೂರ್ತಿ ದರ ತೆರುವುದೇಕೆ? ಅಂದ ಹಾಗೆ, 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯ ಸಭೆ ಮುಗಿದ ಮೇಲೆ "ಹಳೇ ಕಾರು ಮಾರಿದರೆ 18% ತೆರಿಗೆ" ಎಂಬ ಗಾಳಿಸುದ್ದಿ ಹಬ್ಬಿತ್ತು. ಆ ತೆರಿಗೆ ನೋಂದಾಯಿತ ವ್ಯಾಪಾರಿಗಳು ತಮಗೆ ಉಳಿಯುವ ಲಾಭದ ಅಂಶದ ಮೇಲೆ ಕಟ್ಟಬೇಕಾದದ್ದು. ಮನೆಯ ಕಾರನ್ನು ಇನ್ನೊಬ್ಬರಿಗೆ ಮಾರುವ ಸಾಮಾನ್ಯರಿಗೆ ಅದು ಅನ್ವಯಿಸುವುದಿಲ್ಲ.

"ಹೇಗೂ ಇನ್ಶೂರೆನ್ಸ್ ಇದೆ, ಮಾರುವ ಮುಂಚೆ ಕ್ಲೇಮ್ ಮಾಡಿ ಡೆಂಟ್ ತೆಗೆಸಿ" ಎಂಬ ಸಲಹೆ ಕೇಳಲು ಬಿಟ್ಟಿ ಎನಿಸುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ 50% ರಿಯಾಯಿತಿ ಇರುತ್ತದೆ. ಈ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಹಳೇ ಕಾರು ಮಾರಿ ಹೊಸದು ಕೊಂಡರೆ ಅದಕ್ಕೆ ವರ್ಗಾಯಿಸಿಕೊಳ್ಳಬಹುದು. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಗೆ ಇಳಿದು, ಮತ್ತೆ 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ಹೊಸ ಕಾರಿನ ಆ ಭಾಗದ ಪ್ರೀಮಿಯಂ ವರ್ಷಕ್ಕೆ 12 ಸಾವಿರ ಎಂದೇ ಇಟ್ಟುಕೊಂಡರೂ ಐದು ವರ್ಷದಲ್ಲಿ ಒಟ್ಟು 15 ಸಾವಿರ ಕಳೆದುಕೊಂಡಂತಾಯಿತು. ಬಂಪರ್ ಕೆಲಸಕ್ಕೆ ಆರು ಸಾವಿರ ಆಗುವಲ್ಲಿ ಇದು ಯಾವ ಉಳಿತಾಯ? ಮುಂದೆ ಕಾರೇ ಕೊಳ್ಳುವುದಿಲ್ಲ ಎನ್ನುವವರಿಗೆ ಮಾತ್ರ ಈ ನಷ್ಟವಿಲ್ಲ.

ಕಾಗದಪತ್ರದ ರಿಪೇರಿ

ಗ್ಯಾರೇಜಿಗೆ ಹೋಗುವ ಮುಂಚೆ ಆರ್‌ಸಿ ತೆಗೆದು ನೋಡಿ. ಸಾಲ ಎಂದೋ ತೀರಿದ್ದರೂ ಅದರಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದು ಸಾಮಾನ್ಯ. ಬ್ಯಾಂಕಿನಿಂದ ಎನ್‌ಒಸಿ, ಜೊತೆಗೆ ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು. ಬಾಕಿ ಟ್ರಾಫಿಕ್ ದಂಡ ಕಟ್ಟಿ. ಎಮಿಷನ್ ಸರ್ಟಿಫಿಕೇಟ್, ವಿಮೆ ಚಾಲ್ತಿಯಲ್ಲಿರಲಿ. ಕೈಗೆ ಬಂದ ಗಿರಾಕಿ ಪೇಂಟ್ ನೋಡಿ ಹಿಂದೆ ಸರಿಯುವುದಕ್ಕಿಂತ ಇಂಥ ಕಾಗದ ನೋಡಿ ಹಿಂದೆ ಸರಿಯುವುದೇ ಹೆಚ್ಚು ಎಂಬುದು ನಮ್ಮ ಅನಿಸಿಕೆ. ಇವಕ್ಕೆ ತಗಲುವ ಖರ್ಚೂ ಪೇಂಟಿನ ಮುಂದೆ ಏನೂ ಅಲ್ಲ.

ಮಾರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. "ಹೆಸರು ನಾವೇ ಮಾಡಿಸ್ಕೋತೀವಿ ಸಾರ್" ಎಂಬ ಮಾತು ನಂಬಿ ಖಾಲಿ ಫಾರಂಗೆ ಸಹಿ ಹಾಕಿ ಬಿಡುವವರು ಬಹಳ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೀ ಕೊಡುವಾಗ ದಿನಾಂಕ, ಗಂಟೆ, ಓಡಿದ ಕಿಲೋಮೀಟರ್ ಬರೆದ ಒಂದು ಡೆಲಿವರಿ ನೋಟ್ ಮಾಡಿ ಇಬ್ಬರೂ ಸಹಿ ಹಾಕಿ. ಕೊಂಡವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ಎರಡು ಮೂರು ವಾರ ಬಿಟ್ಟು ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಹೆಸರು ಬದಲಾಗಿದೆಯೇ ಎಂದು ನೋಡಿ. ಬದಲಾಗಿಲ್ಲದಿದ್ದರೆ ಅಂದೇ ಅವರಿಗೆ ಫೋನ್ ಮಾಡಿ.