ಜರಡಿ ಹಿಡಿಯೋರಿಗೆ ಕನ್ನಡ ಗೊತ್ತಿರಬೇಕು

ಹೋದ ತಿಂಗಳು ಹಾಸನದ ಒಂದು ಸಣ್ಣ ಕಚೇರಿಯವರು ಮೇಲ್ ಸರ್ವರ್ ನೋಡಿಕೊಡಿ ಅಂತ ಕರೆದರು. ಸ್ಪ್ಯಾಮ್ ಡಬ್ಬಿ ತೆರೆದರೆ... ಲಾಟರಿ, ಮಾತ್ರೆಗಳ ಜಾಹೀರಾತಿನ ನಡುವೆ ಹೊಳೆನರಸೀಪುರದಿಂದ ಬಂದ ಎರಡು ಕನ್ನಡ ಪತ್ರ, ಅರಕಲಗೂಡಿನ ಹುಡುಗಿಯೊಬ್ಬಳ ಕೆಲಸದ ಅರ್ಜಿ! ಫೋನ್ ಮಾಡಿಸೋಣ ಅಂದ್ರೆ ಆ ಕೆಲಸಕ್ಕೆ ಆಗಲೇ ಬೇರೆಯವರು ಸೇರಿಯಾಗಿತ್ತು.

"ಯಾಕಪ್ಪಾ ಹೀಗೆ?" ಅಂತ ಅಲ್ಲಿನ ಹುಡುಗನನ್ನ ಕೇಳಿದೆ. "ಇಂಗ್ಲಿಷ್ ಅಲ್ಲದ ಅಕ್ಷರ ಬಂದ್ರೆ ಸ್ಪ್ಯಾಮ್‌ಗೆ ಹಾಕು ಅಂತ ರೂಲ್ ಬರ್ದಿದೀನಿ ಸಾರ್. ಚೈನೀಸ್, ರಷ್ಯನ್ ಕಾಟ ತಪ್ತು!"

ಕಾಟ ತಪ್ಪಿತು, ಜೊತೆಗೆ ಕನ್ನಡವೂ ತಪ್ಪಿತು.

ಮೇಲ್ ಸರ್ವರ್ ತಂತ್ರಾಂಶ ಆರಿಸುವಾಗ ಎಲ್ಲರೂ ಕೇಳೋದು, "ಎಷ್ಟು ಸ್ಪ್ಯಾಮ್ ತಡೆಯುತ್ತೆ?" ಮೊದಲು ಕೇಳಬೇಕಾದ್ದು, "ಎಷ್ಟು ಒಳ್ಳೇ ಪತ್ರ ಕಳೆಯುತ್ತೆ?" ಪೋಸ್ಟ್‌ಫಿಕ್ಸ್, ಎಕ್ಸಿಮ್ ಎಲ್ಲ ಅಂಚೆಯಣ್ಣಂದಿರು. ಜರಡಿ ಹಿಡಿಯೋದು ಸ್ಪ್ಯಾಮ್‌ಅಸಾಸಿನ್, ಆರ್‌ಸ್ಪ್ಯಾಮ್‌ಡಿ ಥರದವು. ಸ್ಪ್ಯಾಮ್‌ಅಸಾಸಿನ್ 3ರಲ್ಲಿ ಭಾಷೆ ಗುರುತಿಸುವ ಪ್ಲಗಿನ್‌ನ ಪಟ್ಟಿ ನೋಡಿ. ಹಿಂದಿ, ಮರಾಠಿ, ತಮಿಳು, ಸಂಸ್ಕೃತ ಇವೆ. ಲ್ಯಾಟಿನ್ ಕೂಡ ಇದೆ. ಕನ್ನಡ ಇಲ್ಲ! ಯೂನಿಕೋಡ್ ಪಠ್ಯವನ್ನ ಅದು ಸರಿಯಾಗಿ ಓದೋದಕ್ಕೆ 2022ರ ಡಿಸೆಂಬರ್‌ನಲ್ಲಿ 4.0 ಬರಬೇಕಾಯ್ತು. ಇನ್ನು ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಪತ್ರ ಬಂದರಂತೂ ಕೇಳಲೇಬೇಡಿ. ನಮಗೆ 'ಕನ್ನಡ' ಅಂತ ಕಾಣೋದು ಸರ್ವರ್‌ಗೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರೋ ಎ!

ಆದರೆ ಪೂರ್ತಿ ತಪ್ಪು ತಂತ್ರಾಂಶದ್ದಲ್ಲ. ಆ ರೂಲ್ ಬರೆದದ್ದು ನಮ್ಮೂರ ಹುಡುಗನೇ. ಸ್ಪ್ಯಾಮ್‌ಅಸಾಸಿನ್‌ನ ಬೇಯ್ಸ್ ಜರಡಿ ನಾವು ಕಲಿಸಿದ್ದನ್ನೇ ಕಲಿಯೋದು. 200 ಒಳ್ಳೇ ಪತ್ರ, 200 ಸ್ಪ್ಯಾಮ್ ತೋರಿಸೋ ತನಕ ಅದು ಬಾಯೇ ಬಿಡಲ್ಲ. ನಾವು ತೋರಿಸೋದೆಲ್ಲ ಇಂಗ್ಲಿಷೇ ಆದರೆ ಅದಕ್ಕೆ ಕನ್ನಡ ಹೇಗೆ ಗೊತ್ತಾಗಬೇಕು? ಸಂಘದ ನೋಟೀಸು, ಮದುವೆ ಕರೆಯೋಲೆ, ಚನ್ನರಾಯಪಟ್ಟಣದಿಂದ ಬಂದ ತೆಂಗಿನಕಾಯಿ ದರದ ಪತ್ರ ಎಲ್ಲ ತೋರಿಸಿ. ಕನ್ನಡದ ಸ್ಪ್ಯಾಮನ್ನೂ ತೋರಿಸಿ, ಅದಕ್ಕೇನು ಬರವಿಲ್ಲ :-)

ಇನ್ನೊಂದು ಮಾತು. ಬೇಡದ ಪತ್ರವನ್ನ ಬಾಗಿಲಲ್ಲೇ ತಿರಸ್ಕರಿಸೋ ಹಾಗೆ ಸರ್ವರ್ ಇಡಿ. ಆಗ ತಪ್ಪಿ ಒಳ್ಳೇ ಪತ್ರ ಸಿಕ್ಕಿಕೊಂಡರೂ ಕಳಿಸಿದವರಿಗೆ ತಲುಪಲಿಲ್ಲ ಅಂತ ಗೊತ್ತಾಗುತ್ತೆ. ಒಳಗೆ ತಗೊಂಡು ಸದ್ದಿಲ್ಲದೆ ಎಸೆದರೆ ಆ ಹುಡುಗಿ ಥರ ಸುಮ್ಮನೆ ಕಾಯ್ತಾ ಕೂರಬೇಕು.

ಆಲೂಗಡ್ಡೆ ಆರಿಸುವಾಗ ನಮ್ಮ ಹಾಸನದೋರು ಕೊಳೆತದ್ದನ್ನ ತೆಗೀತಾರೆ. ಮಣ್ಣು ಮೆತ್ತಿದೆ ಅಂತ ಮೂಟೆಗಟ್ಟಲೆ ತಿಪ್ಪೆಗೆ ಸುರೀತಾರಾ?

ಗೆಳೆಯರೇ, ನಿಮ್ಮ ಸ್ಪ್ಯಾಮ್ ಡಬ್ಬೀನ ಇವತ್ತೇ ಒಂದ್ಸಲ ತೆರೆದು ನೋಡಿ. ಯಾರೋ ಕಾಯ್ತಾ ಇರಬಹುದು...